ತಾನೂಬಾಯಿಯ ಜಾಗ

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಮನೆಗೆ ಬಂದು, "ಮೇಡಂ, ಮೊದಲು ಯಾವ ಪುಸ್ತಕ ಓದಬೇಕು?" ಎಂದು ಕೇಳುತ್ತಾರೆ. ಪುಸ್ತಕ ಆಮೇಲೆ ಓದಿಕೊಳ್ಳಿ, ಮೊದಲು ನಿಪ್ಪಾಣಿಗೆ ಹೋಗಿ ನಮ್ಮ ವಿಶ್ವವಿದ್ಯಾಲಯದ ಒಂದನೇ ಕೋಣೆಯ ಪಡುವಣ ಗೋಡೆ ನೋಡಿ ಬನ್ನಿ ಎನ್ನುತ್ತೇನೆ. ಮುದುಕಿಗೆ ಅರಳುಮರಳು ಎಂದುಕೊಂಡು ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ನೋಡಿ ಬಂದವರು ಮತ್ತೆ ಪುಸ್ತಕದ ಮಾತೆತ್ತುವುದಿಲ್ಲ, ಕುಡಿಯಲು ನೀರು ಕೇಳುತ್ತಾರೆ.

ನಾನು ಕಾರ್ಖಾನೆಗಳ ಡಾಕ್ಟರು. ಸಕ್ಕರೆ ಕಾರ್ಖಾನೆ, ತಂಬಾಕು ಸೋಸಿ ತುಂಬಿಡುವ ವಖಾರಿ, ಬೆಲ್ಲದ ಗಾಣ, ಇಟ್ಟಿಗೆ ಭಟ್ಟಿ, ಎಲ್ಲೆಲ್ಲಿ ಜನ ದುಡಿಯುತ್ತಾರೋ ಅಲ್ಲಿಗೆ ಹೋಗಿ ಅವರ ಮೈ ತಪಾಸಣೆ ಮಾಡುವುದು, ಕೊನೆಗೆ "ಕೆಲಸಕ್ಕೆ ಯೋಗ್ಯ" ಅಥವಾ "ಅಯೋಗ್ಯ" ಎಂದು ಬರೆದು ಸಹಿ ಹಾಕುವುದು. ಚಿಕ್ಕೋಡಿ ಕಡೆಯ ಜನ ನನ್ನನ್ನು ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಬೇಕಿಲ್ಲ, ನನಗೂ ಬೇಕಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಾಗ, ದುಡಿಯುವವರ ಆರೋಗ್ಯಕ್ಕಾಗಿ ಮತ್ತು ದುಡಿಮೆಯಲ್ಲಿ ಅಂಗ ಊನವಾದವರಿಗಾಗಿ ಒಂದು ವಿಶ್ವವಿದ್ಯಾಲಯ ಕಟ್ಟುವ ಕೆಲಸಕ್ಕೆ ನನ್ನನ್ನು ಹಾಕಿದರು. ಅದರ ಕಥೆಯನ್ನಷ್ಟೇ ಹೇಳುತ್ತೇನೆ.

ಎಲ್ಲಿ ಕಟ್ಟಬೇಕು ಎಂಬುದೇ ದೊಡ್ಡ ಮಹಾಭಾರತವಾಯಿತು. ಚಿಕ್ಕೋಡಿಯವರು ಎಲ್ಲಾ ಕಚೇರಿಗಳೂ ನಮ್ಮಲ್ಲಿ ಇವೆ ಎಂದರು. ರಾಯಬಾಗದವರು ರೈಲು ನಮ್ಮೂರಿಗೆ ಬರುತ್ತದೆ ಎಂದರು. ಕಾಗವಾಡದವರು ಕೃಷ್ಣೆಯ ನೀರು ತೋರಿಸಿದರು. ಅಥಣಿಯ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, "ಕೈಕಾಲ ಹೋದವ್ರ ಎಲ್ಲಾರಕಿಂತ ಹೆಚ್ಚ ನಮ್ಮಲ್ಲೇ ಅದಾರ್ರಿ, ನಮಗs ಕೊಡ್ರಿ" ಎಂದರು. ಅವರು ಅದನ್ನು ಹೆಮ್ಮೆಯಿಂದಲೇ ಹೇಳಿದ್ದು. ಸಭೆಯಲ್ಲಿ ಯಾರೂ ನಗಲಿಲ್ಲ. ಕೊನೆಗೆ ತಾತ್ಕಾಲಿಕ ಎಂದು ನಿಪ್ಪಾಣಿಯಿಂದ ಅಕ್ಕೋಳದ ಕಡೆ ಹೋಗುವ ದಾರಿಯಲ್ಲಿದ್ದ, ಮುಚ್ಚಿ ಬಹಳ ವರ್ಷವಾಗಿದ್ದ ಒಂದು ತಂಬಾಕಿನ ವಖಾರಿ ಸಿಕ್ಕಿತು.

ಆ ವಖಾರಿ ನನಗೆ ಹೊಸದಲ್ಲ. ಅದು ನಡೆಯುತ್ತಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಅಲ್ಲಿನ ಹೆಂಗಸರ ತಪಾಸಣೆ ನನ್ನದೇ ಆಗಿತ್ತು. ವಿಶ್ವವಿದ್ಯಾಲಯದ ಮಂಜೂರಾತಿಗೆ ಕಳಿಸಿದ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಆ ವಖಾರಿಯ ತಾನೂಬಾಯಿ ಎಂಬ ಹೆಂಗಸಿನ ಪ್ರಕರಣ. ತಂಬಾಕಿನ ಎಲೆ ಬಡಿದು ಸೋಸುವ ಕೆಲಸ ಅವಳದು. ಊದುವ ಮಾಪಕದ ಕೊಳವೆಯನ್ನು ಮುಖದ ಬಟ್ಟೆಯ ಅಡಿಯಲ್ಲೇ ಬಾಯಿಗಿಟ್ಟು ಊದಿದಳು, ಅವಳ ಉಸಿರಿಗೆ ಸೂಜಿ ಮೇಲೇಳಲೇ ಇಲ್ಲ. ಹದಿನೈದು ದಿನ ಮನೆಯಲ್ಲಿರು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಕಳಿಸಿದೆ. ಹದಿನಾರನೆಯ ದಿನ ಬಂದು ಊದಿದರೆ ಸೂಜಿ ಕೊನೆಯ ಗೆರೆಗೆ ಹೋಗಿ ಬಡಿಯಿತು. "ಪೂರ್ಣ ಗುಣ, ಕೆಲಸಕ್ಕೆ ಯೋಗ್ಯಳು" ಎಂದು ಬರೆದೆ. ಆಮೇಲೆ ಎಷ್ಟು ವರ್ಷ ಎಷ್ಟು ಸಭೆಗಳಲ್ಲಿ ಈ ಕಥೆ ಹೇಳಿದ್ದೇನೋ ಲೆಕ್ಕವಿಲ್ಲ. ಕಡಿಮೆ ಖರ್ಚಿನಲ್ಲಿ ದುಡಿಯುವವರ ಎದೆ ಉಳಿಸಬಹುದು ಎನ್ನುವುದಕ್ಕೆ ತಾನೂಬಾಯಿಯೇ ನನ್ನ ಸಾಕ್ಷಿ. ವಿಶ್ವವಿದ್ಯಾಲಯ ಮಂಜೂರಾದದ್ದು ಅರ್ಧ ಅವಳಿಂದಲೇ ಎಂದು ಮೇಲಿನವರು ಚೇಷ್ಟೆ ಮಾಡುತ್ತಿದ್ದರು. ನಾನೂ ಉಬ್ಬುತ್ತಿದ್ದೆ.

ಅದಕ್ಕೂ ಮೊದಲು ಮಾಡಿದ ಇನ್ನೊಂದು ತಪ್ಪು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಅಥಣಿ ತಾಲೂಕಿನ ಒಂದು ಗಾಣದಲ್ಲಿ ಕಬ್ಬು ಕೊಡುವಾಗ ಭೀಮಪ್ಪ ಎಂಬವನ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಗಾಯ ಮಾಯ್ದ ಮೇಲೂ ಅವನು ಬರುತ್ತಿದ್ದ. "ಡಾಕ್ಟರಬಾಯಿ, ಕೈ ಕಬ್ಬ ಬಿಡವಲ್ದ್ರಿ. ಗಟ್ಟಿ ಹಿಡದೈತಿ. ಉಗುರ ಅಂಗೈಯಾಗ ನೆಟ್ಟಾವು" ಎನ್ನುತ್ತಿದ್ದ. ಎಲ್ಲಿಯ ಕೈ, ಎಲ್ಲಿಯ ಉಗುರು. "ಮನಸ್ಸಿನ ಭ್ರಮೆ" ಎಂದು ಬರೆದು ಕಳಿಸಿದೆ. ವರ್ಷಗಳ ಮೇಲೆ ಹೊಸ ವಿಧಾನ ಕಲಿತೆ. ಒಳ್ಳೆಯ ಕೈಯ ಪಕ್ಕಕ್ಕೆ ಕನ್ನಡಿ ನಿಲ್ಲಿಸಿದರೆ, ಅದರ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುತ್ತದೆ. ಭೀಮಪ್ಪನನ್ನು ಹುಡುಕಿಸಿ ಕರೆಸಿ ಕನ್ನಡಿಯ ಮುಂದೆ ಕೂರಿಸಿದೆ. ಎಡಗೈ ಬಿಗಿಯಾಗಿ ಮುಚ್ಚು, ಈಗ ನಿಧಾನಕ್ಕೆ ಬಿಡಿಸು ಎಂದೆ. ಅವನು ಕನ್ನಡಿಯನ್ನೇ ನೋಡುತ್ತ ಬಿಡಿಸಿದ. ಹಣೆಯ ಮೇಲೆ ಬೆವರು ಮೂಡಿತು. "ಬಿಟ್ಟಿತ್ರಿ" ಎಂದವನೇ ಬಿದ್ದ ಕಬ್ಬು ಎಲ್ಲಿ ಎಂದು ನೆಲ ನೋಡಿದ. ಸುಳ್ಳು ಯಾಕೆ ಹೇಳಲಿ, ನಾನೂ ನೆಲ ನೋಡಿದೆ.

ಅಂದಿನಿಂದ, ರೋಗಿ ಹೇಳಿದ್ದನ್ನು ಭ್ರಮೆ ಎಂದು ಬರೆಯುವುದನ್ನು ಬಿಟ್ಟೆ. ಆದರೆ ಹಳೆಯ ದಫ್ತರಗಳನ್ನು ತೆಗೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ವಖಾರಿಯನ್ನು ತರಗತಿಗಳಾಗಿ ಮಾಡಲು ಸುಣ್ಣ ಬಳಿಯುವ ಕೆಲಸ ಜುಗೂಳದ ರಾವಸಾಬ ಎಂಬವನಿಗೆ ಕೊಟ್ಟೆವು. ಕೆಲಸದಲ್ಲಿ ಗಟ್ಟಿಗ, ಮಾತು ಕಡಿಮೆ. ಪಡುವಣ ಗೋಡೆಗೆ ಸುಣ್ಣ ಹೊಡೆದ ನಾಲ್ಕನೆಯ ದಿನಕ್ಕೆ ಅದರ ಮೇಲೆ ಕಂದು ಕಲೆಗಳು ಎದ್ದವು. ಒಂದೇ ಸಾಲು, ನೆಲದಿಂದ ಎರಡೂವರೆ ಅಡಿಯ ಆಸುಪಾಸು, ಒಂದೊಂದೂ ಅಂಗೈ ಅಗಲ. ಎರಡನೆಯ ಸಲ ಹೊಡೆದ. ಮತ್ತೆ ಎದ್ದವು. ಮೂರನೆಯ ಸಲ ಗೋಡೆ ಕೆರೆದು ಹೊಡೆದ. ವಾರ ಕಳೆದು ಬಂದು ನನ್ನ ಮುಂದೆ ನಿಂತ.

"ಬಾಯಿ, ನನ್ನ ಕೈಲೆ ಆಗಂಗಿಲ್ರಿ. ಅವ್ರು ಕುಂತಾರ."

"ಯಾರೋ?"

"ಯಾರಂತ ಹೇಳ್ಲಿ. ನಾ ಸುಣ್ಣ ಹೊಡೀತೀನಿ, ಅವ್ರು ಮತ್ತ ಬಂದು ಗ್ವಾಡಿಗೆ ಆತು ಕುಂದರ್ತಾರ. ಎಲ್ಲಾರೂ ತಮ್ಮ ತಮ್ಮ ಜಾಗಾಕs."

ಹುಚ್ಚನ ಹಾಗೆ ಮಾತಾಡಬೇಡ ಎಂದು ಬೈದೆ. ಅದು ಎಣ್ಣೆ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು ದುಡಿದ ಹೆಂಗಸರ ತಲೆಗಳಲ್ಲಿನ ಕೊಬ್ಬರಿ ಎಣ್ಣೆ ನಲವತ್ತು ಐವತ್ತು ವರ್ಷ ಗೋಡೆಯೊಳಗೆ ಇಳಿದಿದೆ, ಸುಣ್ಣ ಹೊಡೆದಾಗಲೆಲ್ಲ ಮೇಲೆ ಬರುತ್ತದೆ. ಇಷ್ಟನ್ನು ಅವನಿಗೆ ತಿಳಿಸಿ ಹೇಳಿದೆ. ಅವನು, "ಹೌದ್ರಿ, ನಾನೂ ಅದನ್ನs ಹೇಳಾಕತ್ತೀನಿ" ಎಂದು ಬ್ರಷ್ ತೊಳೆಯಲು ಹೋದ.

ಆ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ನಾನೊಬ್ಬಳೇ ಟೇಪು ಹಿಡಿದು ಕಲೆಗಳನ್ನು ಅಳೆದೆ. ಅಳೆಯುವುದು ನನ್ನ ಚಾಳಿ. ಅಳೆಯುತ್ತ ಹೋದಂತೆ ಗೊತ್ತಾಯಿತು, ಕಲೆಗಳು ದುಂಡಗಿರಲಿಲ್ಲ. ಒಂದೊಂದೂ ಕೆಳಗೆ ಜಾರಿತ್ತು. ಮೇಲೆ ಹಳೆಯದು ತಿಳಿಯಾಗಿ, ಕೆಳಗೆ ಹೊಸದು ಗಾಢವಾಗಿ. ವರ್ಷ ಕಳೆದಂತೆ ಬೆನ್ನು ಬಾಗಿದ ಲೆಕ್ಕ ಅಲ್ಲಿ ಬರೆದಿತ್ತು. ನನ್ನ ದಫ್ತರಗಳಲ್ಲಿ ಯಾರ ಬೆನ್ನೂ ಬಾಗಿರಲಿಲ್ಲ. ಬಾಗಿಲಿನಿಂದ ಹತ್ತೊಂಬತ್ತನೆಯ ಜಾಗದಲ್ಲಿ ಮಾತ್ರ ಕಲೆ ಎರಡಿದ್ದವು, ಒಂದರ ಕೆಳಗೆ ಒಂದು, ನಡುವೆ ಮೂರು ಬೆರಳು ಬಿಳಿ. ಇದನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಅಷ್ಟರಲ್ಲಿ ನನ್ನ ಹಿಂದೆ ಯಾರೋ ಸೀನಿದರು. ತಿರುಗಿದರೆ ಯಾರೂ ಇಲ್ಲ. ಮೇಲೆ ತಗಡಿನ ಮಾಡಿನ ಕೆಳಗೆ ಎರಡು ಪಾರಿವಾಳ ಕೂತಿದ್ದವು. ಪಾರಿವಾಳ ಸೀನುತ್ತವೆಯೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ವಿಶ್ವವಿದ್ಯಾಲಯದ ಮೊದಲ ಕೆಲಸವೆಂದು, ಎದೆ ಕೆಟ್ಟ ಹಳೆಯ ಕೆಲಸಗಾರರ ಮನೆಗೆ ಆಕ್ಸಿಜನ್ ಯಂತ್ರ ಕೊಡುವುದು ಎಂದು ಠರಾವಾಗಿತ್ತು. ನಿಯಮ ಎರಡೇ. ವಖಾರಿಯ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು, ನನ್ನ ತಪಾಸಣೆಯ ದಫ್ತರದಲ್ಲಿ ಉಸಿರಿನ ದೋಷ ಬರೆದಿರಬೇಕು. ಹಾಜರಿ ಪುಸ್ತಕ ಶೇಡಬಾಳದ ನೇಮಣ್ಣ ದಿವಾಣಜಿಯವರ ಟ್ರಂಕಿನಲ್ಲಿತ್ತು. ಅವರು ಆ ವಖಾರಿಯ ಹಳೆಯ ಗುಮಾಸ್ತರು, ಎಂಬತ್ತು ದಾಟಿದವರು. ಹೆಂಗಸರನ್ನೆಲ್ಲ ಕರೆಸಿ ಅವರ ಕೈಯಲ್ಲೇ ಹಾಜರಿ ಓದಿಸಿದರೆ ಯಂತ್ರ ಕೊಡಬೇಕಾದವರ ಯಾದಿ ಬೇಗ ಆದೀತು ಎಂದುಕೊಂಡೆ.

ಅವತ್ತು ಬೆಳಿಗ್ಗೆ ಹತ್ತಕ್ಕೆ ಮುದುಕಿಯರು ಬಂದರು. ಕೋಣೆಯಲ್ಲಿ ಕುರ್ಚಿ ಹಾಕಿಸಿದ್ದೆ. ಒಬ್ಬರೂ ಕುರ್ಚಿ ನೋಡಲಿಲ್ಲ. ಪಡುವಣ ಗೋಡೆಗೆ ಹೋಗಿ ತಂತಮ್ಮ ಜಾಗದಲ್ಲಿ ಕೂತರು. ತಲೆಗಳು ತಾವಾಗಿ ಹಿಂದಕ್ಕೆ ಒರಗಿದವು. ಆಮೇಲೆ ಸೆರಗು ಎಳೆದು ಮೂಗು ಬಾಯಿ ಕಟ್ಟಿಕೊಂಡರು. ತಂಬಾಕಿನ ಪುಡಿ ಆ ಕೋಣೆಯಲ್ಲಿ ಈಗ ಎಲ್ಲಿತ್ತು? ಆದರೂ ಕಟ್ಟಿಕೊಂಡರು. ಕಣ್ಣುಗಳು ಮಾತ್ರ ಕಾಣುತ್ತಿದ್ದವು. ನನ್ನ ತಪಾಸಣೆಯ ದಿನಗಳಲ್ಲೂ ನಾನು ಕಂಡದ್ದು ಇಷ್ಟೇ, ಬರೀ ಕಣ್ಣು.

ದಿವಾಣಜಿ ಹಳೆಯ ರಾಗದಲ್ಲಿ ಶುರು ಮಾಡಿದರು.

"ರಕುಮಾಬಾಯಿ."

"ಅದೀನ್ರಿ."

ನನ್ನ ಪೆನ್ನು ನಿಂತಿತು. ರಕುಮಾಬಾಯಿ ಸತ್ತಾಗ ಮರಣಪತ್ರಕ್ಕೆ ಸಹಿ ಹಾಕಿದವಳು ನಾನು.

"ಗಂಗೂಬಾಯಿ."

"ಅದೀನ್ರಿ."

ಗಂಗೂಬಾಯಿ ಬದುಕಿದ್ದರೆ ನೂರು ದಾಟಿರಬೇಕಿತ್ತು. ಓಗೊಟ್ಟವಳಿಗೆ ಅರವತ್ತೂ ಆಗಿರಲಿಲ್ಲ. ದಿವಾಣಜಿ ತಲೆಯೆತ್ತದೆ ಓದುತ್ತ ಹೋದರು. ಸತ್ತವರ ಹೆಸರುಗಳು ಒಂದೊಂದಾಗಿ ಬಂದವು, ಒಂದೊಂದಕ್ಕೂ ಗೋಡೆಯ ಕಡೆಯಿಂದ ಅದೀನ್ರಿ, ಅದೀನ್ರಿ.

"ತಾನೂಬಾಯಿ."

"ಅದೀನ್ರಿ" ಎಂದು ಎರಡು ಧ್ವನಿ ಬಂದವು. ಒಂದು ಗಟ್ಟಿ. ಇನ್ನೊಂದು ಅದರ ಕೆಳಗಿನಿಂದ, ಕಮ್ಮಾರನ ಹರಿದ ತಿದಿಯ ಗಾಳಿಯ ಹಾಗೆ.

ಹತ್ತೊಂಬತ್ತನೆಯ ಜಾಗದಲ್ಲಿ ಇಬ್ಬರು ಒತ್ತಿಕೊಂಡು ಕೂತಿದ್ದರು. ಎತ್ತರದವಳ ತಲೆ ಮೇಲಿನ ಕಲೆಗೆ ಕೂತಿತ್ತು, ಗಿಡ್ಡವಳ ತಲೆ ಕೆಳಗಿನ ಕಲೆಗೆ. ನಾನು ಎದ್ದು ಹೋಗಿ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮುಖದ ಬಟ್ಟೆ ತೆಗೆಯಿರಿ ಎಂದೆ.

ಎತ್ತರದವಳು ಹೌಸಾಬಾಯಿ, ಅಕ್ಕೋಳದವಳು. ಗಿಡ್ಡವಳು ಅವಳ ನೆಗೆಣ್ಣಿ, ಎಂದರೆ ಗಂಡನ ಅಣ್ಣನ ಹೆಂಡತಿ, ಶೇವಂತಾ. ತುಟಿ ನೀಲಿಗಟ್ಟಿತ್ತು.

"ನಿಮ್ಮಲ್ಲಿ ತಾನೂಬಾಯಿ ಯಾರು?"

"ತಾನೂಬಾಯಿ ನಮ್ಮತ್ತಿರಿ" ಎಂದಳು ಹೌಸಾಬಾಯಿ. "ಸತ್ತು ಭಾಳ ವರ್ಸಾತು. ಹೆಸರ ಕಡದ್ರ ಜಾಗಾ ಹೋಗ್ತಿತ್ರಿ. ಅದಕ್ಕ ಅತ್ತಿ ಜಾಗಾಕ ಈ ಅಕ್ಕ ಕುಂತ್ಲು, ಅತ್ತಿ ಹೆಸರಿಗೇ ಓ ಅಂದ್ಲು. ಅಕ್ಕಗ ಆಗದ ದಿನಾ ನಾ ಕುಂದರ್ತಿದ್ದೆ. ಎಲ್ಲಾರೂ ಹಂಗs ಮಾಡೇವಿ. ದಿವಾಣಜಿಗೂ ಗೊತ್ತೈತಿ."

ದಿವಾಣಜಿ ಪುಸ್ತಕ ಮುಚ್ಚಿ, "ಹೊಸ ಹೆಸರ ಬರಿಯೂದು ಮಾಲಕರಿಗೆ ಸೇರತಿರ್ಲಿಲ್ರಿ. ನಾ ಹೆಸರಷ್ಟs ನೋಡ್ತಿದ್ದೆ" ಎಂದರು.

ನನಗೆ ಆಗ ನೆನಪಾಯಿತು. ಒಂದು ವರ್ಷ ತಾನೂಬಾಯಿಯ ಎತ್ತರ ಹಿಂದಿನ ವರ್ಷಕ್ಕಿಂತ ಐದು ಬೆರಳು ಕಡಿಮೆ ಬಂದಿತ್ತು. ಅಳೆದವನು ತಪ್ಪಿದ್ದಾನೆ ಎಂದುಕೊಂಡು "ಮೊದಲಿನಂತೆ" ಎಂದು ಬರೆದೆ. ಮುಂದಿನ ವರ್ಷಗಳಲ್ಲೂ ಮೊದಲಿನಂತೆ, ಮೊದಲಿನಂತೆ. ಒಬ್ಬ ಹೆಂಗಸು ಐದು ಬೆರಳು ಕುಗ್ಗಿದ್ದಾಳೆ, ಅವಳ ಮುಖದ ಬಟ್ಟೆ ತೆಗೆಸಿ ನೋಡಲು ನನಗೆ ಪುರುಸೊತ್ತಿರಲಿಲ್ಲ.

"ಹದಿನೈದು ದಿನ ಬಿಟ್ಟು ಬಂದು ಊದಿದವಳು ಯಾರು?" ಎಂದು ಕೇಳಿದೆ. ಉತ್ತರ ಗೊತ್ತಿತ್ತು, ಆದರೂ ಕೇಳಿದೆ.

"ನಾ ಊದಿದ್ದೆರಿ" ಎಂದಳು ಹೌಸಾಬಾಯಿ. "ಅಕ್ಕಗ ಎದ್ದು ಕುಂದರಾಕs ಆಗ್ತಿರ್ಲಿಲ್ಲ. ಹೋಗಲಿಲ್ಲಂದ್ರ ಜಾಗಾ ಹೋಗ್ತೈತಿ ಅಂತ ನನ್ನ ಕಳಿಸಿದ್ಲು. ಸೂಜಿ ಮ್ಯಾಲ ಹೋದಾಗ ನೀವು ಭಾಳ ಖುಷಿ ಆದ್ರಿ ಬಾಯಿ. ನನ್ನ ಬೆನ್ನ ತಟ್ಟಿದ್ರಿ."

ಆ ಮಾತು ಕೇಳಿದಾಗ ಆದ ನಾಚಿಕೆ ಇವತ್ತಿಗೂ ಕಡಿಮೆಯಾಗಿಲ್ಲ. ಶೇವಂತಾ ನನ್ನ ಸೀರೆಯ ಅಂಚು ಹಿಡಿದಳು. ಎರಡು ಮಾತಿಗೊಮ್ಮೆ ನಿಂತು, ಉಸಿರು ಹುಡುಕಿಕೊಂಡು ಹೇಳಿದಳು. "ಆ ಮಷೀನು... ನನಗೂ ಕೊಡ್ತೀರೇನ್ರಿ? ಮಲಗಾಕ ಆಗವಲ್ದು... ಕುಂತs ಇರ್ತೀನಿ."

ಕೊಡಲು ಬರುವಂತಿರಲಿಲ್ಲ. ಹಾಜರಿಯಲ್ಲಿ ಶೇವಂತಾ ಎಂಬ ಹೆಸರೇ ಇಲ್ಲ. ಇರುವ ತಾನೂಬಾಯಿ, ನನ್ನ ಸಹಿಯ ಪ್ರಕಾರ, ಪೂರ್ಣ ಗುಣ. ಅವಳ ಉಸಿರನ್ನು ಕಾಗದದ ಮೇಲೆ ನಾನೇ ಕಿತ್ತುಕೊಂಡಿದ್ದೆ.

ನಮ್ಮ ಮೇಲಿನ ಸಾಹೇಬರು, ಮುಂದೆ ಕುಲಪತಿ ಆಗಬೇಕಿದ್ದವರು, ಕೆಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೊಂದ ಸುಳ್ಳ ಅಂತ ನೀವs ಬರದ್ರ, ನಿಮ್ಮ ಎಲ್ಲಾ ಸಹಿ ಸುಳ್ಳ ಅಂತಾರ. ಮಂಜೂರಾತಿ ನಿಂತಿದ್ದs ಇದರ ಮ್ಯಾಲ. ಬಾಗಲಾ ತೆಗಿಯೂಕಿಂತ ಮೊದ್ಲ ಮುಚ್ಚತಾರ್ರಿ. ಒಬ್ಬಾಕಿ ಸಲುವಾಗಿ?"

"ಮತ್ತ ಯಾರ ಸಲುವಾಗಿ ಕಟ್ಟಾಕತ್ತೀವ್ರಿ ಸರ್ ಇದನ್ನ?" ಎಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವರಿಗೆ ಗೊತ್ತಿತ್ತು.

"ವಿಚಾರ ಮಾಡೂಣು. ಅಷ್ಟರಾಗ ಆ ಗ್ವಾಡಿಗೆ ಟೈಲ್ಸ್ ಹಚ್ಚಿಸ್ರಿ. ನೋಡಿದವ್ರು ಏನೇನರೆ ಅಂತಾರ."

ಟೈಲ್ಸ್ ಹಚ್ಚುವ ಮೊದಲು ಒಮ್ಮೆ ಬಂದು ನೋಡಿ ಎಂದು ಬೇಡಿಕೊಂಡೆ. ಮರುದಿನ ಬೆಳಿಗ್ಗೆ ಎಂಟು ಗಂಟೆಗೇ ಬಂದರು. ಗೋಡೆಯ ಉದ್ದಕ್ಕೂ ನಡೆದು, ಹತ್ತೊಂಬತ್ತನೆಯ ಜಾಗದ ಮುಂದೆ ನಿಂತು, ಏನನ್ನಿಸಿತೋ, ಪ್ಯಾಂಟು ಮೇಲೆಳೆದುಕೊಂಡು ನೆಲಕ್ಕೆ ಕೂತರು. ತಲೆ ಬಗ್ಗಿಸಿ, ಜಾರಿ, ಕೆಳಗಿನ ಕಲೆಗೆ ಒರಗಿದರು. ಆ ಎತ್ತರಕ್ಕೆ ತಲೆ ಇಡಬೇಕಾದರೆ ಎದೆ ಮಡಚಿಕೊಳ್ಳಬೇಕು. ಅವರ ಉಸಿರು ಸಣ್ಣಗಾದದ್ದು ನನಗೆ ಕೇಳಿಸಿತು. ಥಟ್ಟನೆ ಎದ್ದು ಹಿಂದಲೆ ಮುಟ್ಟಿಕೊಂಡರು.

"ಇಲ್ಲಿ ಬೆಚ್ಚಗ ಐತಲ್ರಿ" ಎಂದರು.

ಪಡುವಣ ಗೋಡೆ. ಬೆಳಗಿನ ಎಂಟು ಗಂಟೆ. ಹೊರಗಿನಿಂದ ಅದಕ್ಕೆ ಬಿಸಿಲು ತಾಕಿರಲಿಲ್ಲ. ನಾನು ಅಂಗೈ ಇಟ್ಟು ನೋಡಿದೆ. ಮೇಲಿನ ಕಲೆ ತಣ್ಣಗಿತ್ತು, ಕೆಳಗಿನದು ಆಗ ತಾನೇ ಯಾರೋ ಎದ್ದುಹೋದ ಹಾಸಿಗೆಯಂತಿತ್ತು. ಅವರು ಒರಗಿದ್ದರಿಂದ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಂಡೆ.

ಸಾಹೇಬರು ಬಾಗಿಲಲ್ಲಿ ನಿಂತು, "ಟೈಲ್ಸ್ ಬ್ಯಾಡ. ನಿಮ್ಮ ಪತ್ರ ಕಳಸ್ರಿ. ನಂದೂ ಸಹಿ ಇರ್ಲಿ" ಎಂದರು.

ಕಳಿಸಿದೆ. ಅಳೆದ ಎತ್ತರ ನಂಬದೆ ಬರೆದೆ, ಮುಖ ನೋಡದೆ ಬರೆದೆ, ಪೂರ್ಣ ಗುಣ ಎಂದದ್ದು ಸುಳ್ಳು ಎಂದು ನನ್ನ ಕೈಯಾರೆ ಬರೆದೆ. ವಿಚಾರಣೆಗೆ ಜನ ಬಂದರು, ಗೋಡೆ ನೋಡಿದರು, ನನ್ನನ್ನು ಗಂಟೆಗಟ್ಟಲೆ ನಿಲ್ಲಿಸಿ ಕೇಳಿದರು. ಉದ್ಘಾಟನೆ ಮುಂದಕ್ಕೆ ಹೋಯಿತು. ನನಗೆ ಲಿಖಿತ ಛೀಮಾರಿ ಬಂತು, ಅದು ಈಗಲೂ ನನ್ನ ಕಪಾಟಿನಲ್ಲಿದೆ. ಆದರೆ ವಿಶ್ವವಿದ್ಯಾಲಯವನ್ನು ಮುಚ್ಚಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು ಪಕ್ಕದ ಜಾಗದವರ ಸಾಕ್ಷಿಯಿಂದ ಯಾದಿಗೆ ಬರಬಹುದು, ಎದುರಿಗೇ ಹೊಸದಾಗಿ ತಪಾಸಣೆ ಆಗಬೇಕು ಎಂದು ನಿಯಮ ಬದಲಾಯಿತು. ಶೇವಂತಾಳ ತುಟಿಯ ನೀಲಿ ಅಷ್ಟು ದಿನ ಕಾದಿತ್ತು.

ಎರಡನೆಯ ಹಾಜರಿಗೂ ದಿವಾಣಜಿಯವರನ್ನೇ ಕರೆಸಿದೆ. ಮುದುಕಿಯರು ಅದೇ ಗೋಡೆಗೆ ಕೂತರು. ಕೈಯಲ್ಲಿ ಹೊಸ ಯಾದಿ ಇದ್ದರೂ ದಿವಾಣಜಿಯವರ ನಾಲಿಗೆ ಹಳೆಯದು. ಹತ್ತೊಂಬತ್ತನೆಯ ಜಾಗಕ್ಕೆ ಬಂದಾಗ ರೂಢಿಯಂತೆ, "ತಾನೂಬಾಯಿ" ಎಂದುಬಿಟ್ಟರು.

ಯಾರೂ ಓಗೊಡಲಿಲ್ಲ. ಮೇಲೆ ತಗಡಿನ ಸಂದಿಯಿಂದ ಚಿಟಿಕೆಯಷ್ಟು ಕಂದು ಪುಡಿ ಆ ಜಾಗದ ಮುಂದೆ ಉದುರಿತು, ಮತ್ತು ಯಾರೂ ಸೀನಲಿಲ್ಲ.

ದಿವಾಣಜಿ ಕಣ್ಣೊರೆಸಿಕೊಂಡು ಯಾದಿಯನ್ನು ಹತ್ತಿರ ಹಿಡಿದು ಓದಿದರು.

"ಶೇವಂತಾ."

ಅವಳು ಆಚೆ ಈಚೆ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆ ಎನ್ನುವ ಹಾಗೆ. ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ.

"ಶೇವಂತಾ" ಎಂದರು ಎರಡನೆಯ ಸಲ. ಮೂರು ಕೂಗಿಗೆ ಓಗೊಡದಿದ್ದರೆ ಗೈರುಹಾಜರಿ, ಅದು ವಖಾರಿಯ ಹಳೆಯ ಪದ್ಧತಿ. ಹೌಸಾಬಾಯಿಯ ಕೈ ಅವಳ ತೋಳಿನ ಮೇಲಿತ್ತು, ಆದರೂ ತಿವಿಯಲಿಲ್ಲ. ನನಗೇ ಕೂಗಿ ಹೇಳಬೇಕೆನಿಸಿತು, ತುಟಿ ಕಚ್ಚಿಕೊಂಡೆ.

ದಿವಾಣಜಿ ಮೂರನೆಯ ಸಲಕ್ಕೆ ಬಾಯಿ ತೆರೆದರು. ಶೇವಂತಾ ಮುಖದ ಬಟ್ಟೆಯನ್ನು ತಾನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಇದ್ದಷ್ಟೂ ಉಸಿರು ಕೂಡಿಸಿದಳು.

"ಅದೀನ್ರಿ."

ಅವಳನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸಿದೆವು. ಆ ಸಲ ಅಳತೆಪಟ್ಟಿ ಹಿಡಿದವಳು ನಾನು. ನೆತ್ತಿಯ ಮೇಲೆ ಕೈಯಿಟ್ಟು, ಎರಡು ಸಲ ನೋಡಿ, ಬಂದ ಎತ್ತರವನ್ನು ಬಂದ ಹಾಗೇ ಬರೆದೆ.